ಮಾಳಿಗೆ ಹತ್ತುವವರು ಯಾರು?

ಹೊಸಪೇಟೆಯ ಜಂಬುನಾಥನ ಗುಡ್ಡದ ಮೇಲೆ ನಿಂತು ಊರಿನ ಕಡೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಪ್ಪು ಸಿಂಟೆಕ್ಸ್ ಟ್ಯಾಂಕುಗಳು. ಅವುಗಳ ಪಕ್ಕದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಒರಗಿಕೊಂಡಿರುವ ಸೋಲಾರ್‌ಗಳು. ಬೆಳಗಿನ ಬಿಸಿಲು ಬಿದ್ದಾಗ ಎಲ್ಲವೂ ಒಂದೇ ರೀತಿ ಹೊಳೆಯುತ್ತವೆ. ಅವುಗಳಲ್ಲಿ ಎಷ್ಟು ಬದುಕಿವೆ, ಎಷ್ಟು ಸತ್ತು ಹಾಗೇ ಕುಳಿತಿವೆ ಎಂಬುದು ಅಷ್ಟು ದೂರದಿಂದ ತಿಳಿಯುವುದಿಲ್ಲ. ಮನೆಯೊಳಗೆ ಹೋದರೆ ತಿಳಿಯುತ್ತದೆ. ಮಾಳಿಗೆ ಮೇಲೆ ಸೋಲಾರ್, ಕೆಳಗೆ ಬಚ್ಚಲಲ್ಲಿ ಗೀಜರ್. "ಸೋಲಾರ್ ಐತಲ್ಲ?" ಎಂದು ಕೇಳಿದರೆ, "ಐತ್ರಿ, ಆದ್ರ ನೀರು ಬಿಸಿ ಆಗವಲ್ದು" ಎಂಬ ಉತ್ತರ. ಇಂಥ ಮನೆಗಳು ನನಗೆ ಗೊತ್ತಿರುವಂತೆ ನಮ್ಮ ಓಣಿಯಲ್ಲೇ ಐದಾರಿವೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಮ್ಮ ಕಡೆ ಸೋಲಾರ್ ಎಂದರೆ ಬಹಳ ವರ್ಷಗಳಿಂದ ಬಿಸಿನೀರಿನದ್ದೇ. ಕರೆಂಟು ತಯಾರಿಸುವ ಸೋಲಾರ್ ಮನೆಗಳ ಮೇಲೆ ಬಂದದ್ದು ಈಚೆಗೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಆ ಕರೆಂಟಿನ ಸೋಲಾರ್‌ಗೆ, ಬಿಸಿನೀರಿನದ್ದಕ್ಕಲ್ಲ. 2010ರಲ್ಲಿ ಶುರುವಾದ ರಾಷ್ಟ್ರೀಯ ಸೌರ ಮಿಷನ್ನಿನಲ್ಲಿ ನೀರು ಕಾಯಿಸುವ ಸೋಲಾರ್‌ಗೂ ಕೆಲವು ವರ್ಷ ಸಹಾಯಧನ ಸಿಕ್ಕಿತ್ತು, ಆಮೇಲೆ ನಿಂತಿತು. ನಾನು ಬರೆಯುತ್ತಿರುವುದು ಆ ಹಳೆಯ, ಯಾರೂ ಈಗ ಮಾತನಾಡದ ಬಿಸಿನೀರಿನ ಸೋಲಾರ್ ಬಗ್ಗೆ.

ಅದಕ್ಕೂ ಹಿಂದೆ ಇದ್ದದ್ದು ಹಂಡೆ. ಬಚ್ಚಲ ಮೂಲೆಯಲ್ಲಿ ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಒಲೆ, ಒಲೆಗೆ ಬಳ್ಳಾರಿ ಜಾಲಿಯ ಕಟ್ಟಿಗೆ. ನಮ್ಮತ್ತೆ ಮದುವೆಯಾಗಿ ಬಂದ ದಿನದಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಜ್ರ್‌ನ ಅಜಾನಿಗೆ ಮೊದಲು ಎದ್ದು ಆ ಒಲೆ ಹೊತ್ತಿಸಿದವರು. ಮನೆಯ ಗಂಡಸರ ವುಝೂಗೆ ನೀರು ಬೆಚ್ಚಗಿರಬೇಕು, ಆಮೇಲೆ ಶಾಲೆಗೆ ಹೋಗುವವರ ಸ್ನಾನ. ಹಸಿ ಜಾಲಿ ಕಟ್ಟಿಗೆಯ ಹೊಗೆ ಎಂಥದ್ದೆಂದು ಊದಿದವರಿಗೇ ಗೊತ್ತು. ಅವರಿಗೆ ಅಂಟಿದ ಕೆಮ್ಮು ಹಂಡೆ ಹೋದ ಮೇಲೂ ಹೋಗಲಿಲ್ಲ. ಸೋಲಾರ್ ಬಂದ ವರ್ಷ ಅವರು ನಲ್ಲಿ ತಿರುಗಿಸಿ, ಹಬೆಯಾಡುವ ನೀರಿಗೆ ಕೈಯೊಡ್ಡಿ, "ಬೆಂಕಿ ಇಲ್ದ ನೀರು ಕಾಯ್ತಾವಂದ್ರ ನಂಬಾಕ ಆಗಲ್ಲ" ಎಂದಿದ್ದರು. ಆದ್ದರಿಂದ ಆ ನೀರು ಕ್ರಮೇಣ ಉಗುರುಬೆಚ್ಚಗಾಗಿ, ಆಮೇಲೆ ತಣ್ಣಗೇ ಬರತೊಡಗಿದಾಗ ನಮ್ಮ ಮನೆಯಲ್ಲಿ ಅದು ಬರೀ ರಿಪೇರಿಯ ಪ್ರಶ್ನೆಯಾಗಿರಲಿಲ್ಲ. ಎಪ್ಪತ್ತು ದಾಟಿದ ಅತ್ತೆ ಮತ್ತೆ ಒಲೆಯ ಮುಂದೆ ಕೂರಬೇಕೇ ಎಂಬ ಪ್ರಶ್ನೆಯಾಗಿತ್ತು.

ಈ ಯಂತ್ರದಲ್ಲಿ ತಿರುಗುವ, ಓಡುವ ಭಾಗ ಒಂದೂ ಇಲ್ಲ. ಬಿಸಿಯಾದ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಇಷ್ಟೇ ವಿದ್ಯೆ. ಅದಕ್ಕೇ ಬಿಸಿನೀರಿನ ಟ್ಯಾಂಕು ಪ್ಯಾನೆಲ್ಲಿಗಿಂತ ಮೇಲಿರಬೇಕು, ತಣ್ಣೀರಿನ ಸಿಂಟೆಕ್ಸ್ ಅದಕ್ಕಿಂತಲೂ ಮೇಲಿರಬೇಕು. ಗಾಳಿ ಹೋಗುವ ಪೈಪು ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರಬೇಕು. ಮೋಟಾರಿಲ್ಲ, ಕರೆಂಟು ಬೇಡ, ಎಣ್ಣೆ ಬೇಡ. ಮಾರುವವರು ಹೇಳುವುದೂ ಇದನ್ನೇ: "ಒಮ್ಮೆ ಹಾಕಿಸಿದರೆ ಮುಗೀತು, ಮೇಲೆ ನೋಡೋ ಕೆಲಸ ಇಲ್ಲ." ಈ ಮಾತಿನ ಮೊದಲರ್ಧ ನಿಜ, ಉಳಿದರ್ಧವೇ ಸೋಲಾರ್‌ಗಳನ್ನು ಕೊಂದದ್ದು.

ಹೊಸಪೇಟೆಯಲ್ಲಿ ಮೊದಲ ವೈರಿ ನೀರೇ. ತುಂಗಭದ್ರೆಯ ದಂಡೆಯ ಊರು, ಪಕ್ಕದಲ್ಲೇ ಅಷ್ಟು ದೊಡ್ಡ ಅಣೆಕಟ್ಟು, ವಿಜಯನಗರದ ಕಾಲದ ರಾಯ ಕಾಲುವೆ ಬಸವಣ್ಣ ಕಾಲುವೆಗಳು ಊರೊಳಗೇ ಹರಿಯುತ್ತವೆ. ಹೊರಗಿನವರು ಇಲ್ಲಿ ನೀರಿನ ತೊಂದರೆ ಎಂದರೆ ನಗುತ್ತಾರೆ. ಆದರೆ ಹೊಸ ಬಡಾವಣೆಗಳ ಮನೆಗಳು ನಿಂತಿರುವುದು ಬೋರಿನ ಮೇಲೆ. ಬೋರಿನ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ತಣ್ಣಗಿದ್ದಾಗ ನೀರಿನಲ್ಲಿ ಕರಗಿರುವ ಸುಣ್ಣ, ಕಾಯಿಸಿದಾಗ ಬೇರೆಯಾಗಿ ಗೋಡೆಗೆ ಅಂಟುತ್ತದೆ. ಚಹಾ ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪೊರೆಯೇ ಸೋಲಾರಿನ ಸಣ್ಣ ತಾಮ್ರದ ಕೊಳವೆಗಳಲ್ಲೂ ದಿನದಿನವೂ ಕೂರುತ್ತದೆ.

ನಮಗೆ ಮೊದಲು ಮಾರಿದವರು ಗಾಜಿನ ಪೆಟ್ಟಿಗೆಯೊಳಗೆ ತಾಮ್ರದ ಕೊಳವೆಗಳಿರುವ ಚಪ್ಪಟೆ ಸೋಲಾರ್ ಕೊಟ್ಟರು. ನಮ್ಮದು ಯಾವ ನೀರು ಎಂದು ಒಬ್ಬರೂ ಕೇಳಲಿಲ್ಲ. ಐದನೇ ವರ್ಷಕ್ಕೆ ನೀರು ಕಾಯುವುದು ನಿಂತಿತು. ಫೋನು ಮಾಡಿದರೆ, ಗಡಸು ನೀರಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದರು. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಇತ್ತಂತೆ. ಕೊನೆಗೆ ನಮ್ಮ ಮೊಹಲ್ಲಾದ ಪ್ಲಂಬರ್ ಹುಡುಗನನ್ನು ಕರೆದೆವು. ಅವನು ಒಂದು ಕೊಳವೆ ಕತ್ತರಿಸಿ ಕೈಗೆ ಕೊಟ್ಟ. "ನೋಡ್ರಿ ಆಪಾ, ಪೆನ್ಸಿಲ್ ತೂರಲ್ಲ." ಒಳಗೆ ಸುಣ್ಣಕಲ್ಲಿನಂತೆ ಬಿಳಿ, ನಡುವೆ ಸೂಜಿ ಹೋಗುವಷ್ಟು ದಾರಿ. ಬಿಸಿಲು ಎಷ್ಟು ಸುರಿದರೇನು, ನೀರು ಹರಿಯಲು ಜಾಗವೇ ಇರಲಿಲ್ಲ.

ಆ ಹುಡುಗ ಹೇಳಿಕೊಟ್ಟದ್ದನ್ನು ನಾನು ಒಂದು ಹಳೇ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಬೋರಿನ ನೀರಿರುವ ಮನೆಗೆ ಗಾಜಿನ ಟ್ಯೂಬಿನ ಸೋಲಾರೇ ವಾಸಿ, ಬಾಯಿ ಅಗಲವಿರುವುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ. ತಾಮ್ರದ್ದೇ ಬೇಕೆಂದರೆ, ಕಾಯುವ ನೀರು ಬೇರೆ, ನಾವು ಬಳಸುವ ನೀರು ಬೇರೆ ಇರುವಂಥದ್ದನ್ನು ಕೇಳಿ ಹಾಕಿಸಬೇಕು. ತಿಂಗಳಿಗೊಮ್ಮೆ ಟ್ಯಾಂಕಿನ ತಳದ ವಾಲ್ವ್ ತೆರೆದು ಒಂದೆರಡು ಬಕೆಟ್ ನೀರು ಬಿಡಬೇಕು, ತಳದ ರಾಡಿ ಹೋಗುತ್ತದೆ. ವರ್ಷಕ್ಕೊಮ್ಮೆ ಟ್ಯೂಬುಗಳನ್ನು ಕಳಚಿ ತೊಳೆಯಬೇಕು, ಏಕೆಂದರೆ ಅವುಗಳ ತಳ ಮುಚ್ಚಿರುತ್ತದೆ, ವಾಲ್ವ್ ತೆರೆದರೆ ಅಲ್ಲಿಯದು ಬರುವುದಿಲ್ಲ. ಸುಣ್ಣ ಕೂತಿದ್ದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿಟ್ಟು ತೊಳೆದರೆ ಬಿಡುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಹತ್ತಿರ ತರಬಾರದು, ಅದು ಸುಣ್ಣದ ಜೊತೆ ಟ್ಯಾಂಕನ್ನೂ ತಿನ್ನುತ್ತದೆ. ಕೆಲವು ಟ್ಯಾಂಕುಗಳಲ್ಲಿ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ತುಕ್ಕು ಮೊದಲು ಆ ಕಡ್ಡಿಯನ್ನು ತಿನ್ನುತ್ತದೆ, ಟ್ಯಾಂಕು ಉಳಿಯುತ್ತದೆ. ಕಡ್ಡಿ ಕರಗಿ ಮುಗಿದ ಮೇಲೆ ಬೇರೆ ಹಾಕಬೇಕು. ಈ ಕಡ್ಡಿಯ ವಿಷಯ ನಾನು ಕೇಳಿದ ಹತ್ತು ಮನೆಗಳಲ್ಲಿ ಒಂದಕ್ಕೂ ಗೊತ್ತಿರಲಿಲ್ಲ.

ಗಾಜಿನ ಟ್ಯೂಬು ಕೆಟ್ಟಿದೆಯೇ ಎಂದು ತಿಳಿಯಲು ಯಾವ ಮೀಟರೂ ಬೇಡ. ಅದು ಎರಡು ಪದರದ ಗಾಜು, ನಡುವಿನ ಗಾಳಿಯನ್ನೆಲ್ಲ ತೆಗೆದಿರುತ್ತಾರೆ. ಥರ್ಮಾಸ್ ಫ್ಲಾಸ್ಕಿನದೇ ಉಪಾಯ. ಕೆಳತುದಿಯಲ್ಲಿ ಕನ್ನಡಿಯಂತೆ ಬೆಳ್ಳಿ ಬಣ್ಣವಿದ್ದರೆ ಟ್ಯೂಬು ಚೆನ್ನಾಗಿದೆ. ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಟ್ಯೂಬು ಸತ್ತಿತು. ಅದೊಂದನ್ನೇ ಬದಲಿಸಿದರೆ ಸಾಕು. ಇದು ತಿಳಿಯದೆ ನಮ್ಮ ಹಿಂದಿನ ಓಣಿಯಲ್ಲೊಬ್ಬರು ಇಡೀ ಸೋಲಾರನ್ನು ಗುಜರಿಗೆ ಹಾಕಿದರು.

ಇನ್ನೊಂದು ಅಪಾಯ ಬೇಸಿಗೆಯಲ್ಲಿ. ನಲ್ಲಿ ನೀರು ನಾಲ್ಕೈದು ದಿನ ಬಾರದೆ ಸಿಂಟೆಕ್ಸ್ ಖಾಲಿಯಾದರೆ ಸೋಲಾರಿಗೂ ನೀರು ಹೋಗುವುದಿಲ್ಲ. ಖಾಲಿ ಟ್ಯೂಬು ಏಪ್ರಿಲ್ ಬಿಸಿಲಿನಲ್ಲಿ ಕಾದ ಹೆಂಚಿನಂತಾಗುತ್ತದೆ. ಆಗ ಮಧ್ಯಾಹ್ನ ನೀರು ಬಂತೆಂದು ಖುಷಿಯಿಂದ ಮೋಟಾರು ಹಾಕಿದರೆ ತಣ್ಣೀರು ಬಿದ್ದು ಗಾಜು ಸೀಳುತ್ತದೆ. ಪಕ್ಕದ ಮನೆಯಲ್ಲಿ ಹೀಗೆ ಒಂದೇ ಗಳಿಗೆಯಲ್ಲಿ ನಾಲ್ಕು ಟ್ಯೂಬು ಹೋದವು. ಖಾಲಿಯಾದ ಸೋಲಾರಿಗೆ ನೀರು ತುಂಬಬೇಕಾದದ್ದು ಸೂರ್ಯ ಹುಟ್ಟುವ ಮೊದಲು. ಗಾಜು ತೊಳೆಯಬೇಕಾದದ್ದೂ ಆಗಲೇ.

ಗಾಜು ತೊಳೆಯುವುದೆಂದರೆ ಸಂಡೂರಿನಲ್ಲಿರುವ ನನ್ನ ನಾದಿನಿಯ ಮನೆ ನೆನಪಾಗುತ್ತದೆ. ಸಂಡೂರಿನ ಗುಡ್ಡಗಳು ಎಷ್ಟು ಹಸಿರೋ ಮಣ್ಣು ಅಷ್ಟೇ ಕೆಂಪು. ಅದಿರಿನ ಭರಾಟೆಯ ವರ್ಷಗಳಲ್ಲಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ, ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ರಸ್ತೆ ಪಕ್ಕದ ಮರದ ಎಲೆ, ಒಣಹಾಕಿದ ಬಟ್ಟೆ, ಮನೆಯ ಗೋಡೆ ಎಲ್ಲವೂ ಒಂದೇ ಬಣ್ಣ. ಆ ಕಾಲದಲ್ಲಿ ನಾದಿನಿ ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಗಾಜಿಗೆ ಧೂಳು ಕೂತರೆ ಬಿಸಿಲು ಒಳಗೆ ಹೋಗುವುದಿಲ್ಲ. ಕೆಲವರು ನೀರು ಕಾಯದಿದ್ದಾಗ ಸೋಲಾರ್ ಕೆಟ್ಟಿತೆಂದು ತಿಳಿದರು, ನಾದಿನಿ ಮಾತ್ರ ಹಳೇ ಸೀರೆಯ ತುಂಡೊಂದನ್ನು ಮಾಳಿಗೆಯ ಮೂಲೆಗೆ ಕಟ್ಟಿ ಇಟ್ಟಳು. ಈಗ ಗಣಿಗಳು ಮಿತಿಯೊಳಗೆ ನಡೆಯುತ್ತವೆ, ಧೂಳು ಅಂದಿನಷ್ಟಿಲ್ಲ. ಆ ಸೀರೆ ತುಂಡು ಇನ್ನೂ ಅಲ್ಲೇ ಇದೆ. ಅವಳ ಸೋಲಾರ್ ಹದಿನೈದು ವರ್ಷ ದಾಟಿದೆ, ನಮ್ಮ ಬಂಧುಗಳಲ್ಲಿ ಅಷ್ಟು ಬಾಳಿದ್ದು ಇನ್ನೊಂದಿಲ್ಲ.

ಹಂಪಿ, ಕಮಲಾಪುರದ ಕಡೆ ಮಂಗಗಳ ಕಾಟ. ಅವು ಗಾಜಿನ ಟ್ಯೂಬಿನ ಮೇಲೆ ಜಾರುಬಂಡೆ ಆಡುತ್ತವೆ, ಪೈಪಿನ ಮೇಲಿನ ಹೊದಿಕೆ ಕಿತ್ತು ಎಸೆಯುತ್ತವೆ. ಅಲ್ಲಿಯವರು ಮೇಲೆ ತಂತಿ ಜಾಲರಿ ಹಾಕಿಸುತ್ತಾರೆ, ಸ್ವಲ್ಪ ನೆರಳಾದರೂ ಚಿಂತೆಯಿಲ್ಲ ಎನ್ನುತ್ತಾರೆ. ಹನುಮಂತನ ನಾಡಿನಲ್ಲಿ ಅವುಗಳನ್ನು ಬೈಯಲೂ ಬರುವುದಿಲ್ಲ. ಕಂಪ್ಲಿಯದು ಮತ್ತೆ ಬೇರೆ. ಅಣೆಕಟ್ಟಿನಿಂದ ನೀರು ಹೆಚ್ಚು ಬಿಟ್ಟು ಕಂಪ್ಲಿ ಸೇತುವೆ ಮುಳುಗುವ ದಿನಗಳಲ್ಲಿ ನಲ್ಲಿಯಲ್ಲೂ ಕೆಂಪು ರಾಡಿ ಬರುತ್ತದೆ, ಅದು ಟ್ಯೂಬುಗಳ ತಳ ಸೇರುತ್ತದೆ.

ಇಷ್ಟೆಲ್ಲ ಕೆಲಸದ ಪಟ್ಟಿ ನೋಡಿದರೆ ಇದರಲ್ಲಿ ಕಷ್ಟದ ವಿದ್ಯೆ ಯಾವುದೂ ಇಲ್ಲ. ಒಂದು ಬಟ್ಟೆ, ಒಂದು ಬಕೆಟ್, ತಿಂಗಳಿಗೆ ಅರ್ಧ ಗಂಟೆ. ಆದರೂ ಏಕೆ ನಡೆಯುವುದಿಲ್ಲ? ನನಗೆ ಕಂಡ ಕಾರಣ ಮೆಟ್ಟಿಲು. ಬಿಸಿನೀರಿನ ಅಗತ್ಯ ಹೆಚ್ಚು ತಿಳಿದಿರುವವರು ಮನೆಯ ಹೆಂಗಸರು. ನೀರು ಎಂದಿನಿಂದ ಬಿಸಿ ಕಡಿಮೆಯಾಯಿತು ಎಂದು ಮೊದಲು ಗಮನಿಸುವವರೂ ಅವರೇ. ಆದರೆ ಸೋಲಾರ್ ಕೂರುವುದು ಮೆಟ್ಟಿಲು ಕೋಣೆಯ ತಲೆಯ ಮೇಲೆ, ಅಲ್ಲಿಗೆ ಹೋಗಲು ಗೋಡೆಗೆ ಒರಗಿಸಿದ ಅಲುಗಾಡುವ ಕಬ್ಬಿಣದ ಏಣಿ. ಸೀರೆ ಉಟ್ಟು ಅದನ್ನು ಹತ್ತುವಂತಿಲ್ಲ. ಹತ್ತಬಲ್ಲ ಗಂಡಸರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ಭಾನುವಾರ ಬಂದರೆ, "ಅದಕ್ಕೇನಾಗೈತಿ, ಬಿಸಿಲಿಗೆ ತಾನೇ ಕಾಯ್ತದ ಬಿಡು" ಎನ್ನುತ್ತಾರೆ.

ಮಾಳಿಗೆ ಹಿಂದೆ ಹೀಗಿರಲಿಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಪ್ರತಿ ವರ್ಷ ಮಳೆಗಾಲದ ಮೊದಲು ಸವಳು ಮಣ್ಣು ತಂದು ಹಾಕಿ ತುಳಿಯುತ್ತಿದ್ದರು. ಹಾಕದಿದ್ದರೆ ಆ ವರ್ಷ ಮನೆ ಸೋರುವುದು ಖಚಿತ. ಗಂಡಸರು ಮಣ್ಣು ಹೊತ್ತರೆ ಹೆಂಗಸರು ನೀರು ಚಿಮುಕಿಸಿ ಬಡಿದು ಗಟ್ಟಿ ಮಾಡುವರು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಲು, ಬೇಸಿಗೆಯ ರಾತ್ರಿ ಮಲಗಲು ಎಲ್ಲರೂ ಮಾಳಿಗೆ ಹತ್ತುತ್ತಿದ್ದರು. ಆರ್‌ಸಿಸಿ ಬಂದ ಮೇಲೆ ಸವಳು ಮಣ್ಣಿನ ಕೆಲಸ ತಪ್ಪಿತು, ಅದು ಒಳ್ಳೆಯದೇ. ಜೊತೆಗೆ ಮಾಳಿಗೆಯನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು ಎಂಬ ರೂಢಿಯೂ ತಪ್ಪಿತು. ಹೊಸ ಮನೆ ಕಟ್ಟುವವರು ಸಲಹೆ ಕೇಳಿದರೆ ನಾನು ಹೇಳುವುದು ಒಂದೇ: ಸೋಲಾರಿಗೆ ದುಡ್ಡು ಎತ್ತಿಡುವ ಮೊದಲು ಅಲ್ಲಿಯವರೆಗೆ ಕೈಹಿಡಿಯಿರುವ ಮೆಟ್ಟಿಲಿಗೆ ಎತ್ತಿಡಿ. ನಾವು ಎರಡನೇ ಸೋಲಾರನ್ನು ಏಣಿಯ ತುದಿಯಿಂದ ಇಳಿಸಿ ಮಾಳಿಗೆಯ ನೆಲದ ಮೇಲೆ ಸ್ಟ್ಯಾಂಡ್ ಹಾಕಿ ಕೂರಿಸಿದೆವು, ಸಿಂಟೆಕ್ಸ್ ಹೇಗೂ ಅದಕ್ಕಿಂತ ಎತ್ತರದಲ್ಲೇ ಇತ್ತು. ಅಂದಿನಿಂದ ಅದನ್ನು ತೊಳೆಯುವವಳು ನಾನು, ನನಗಾಗದ ದಿನ ಮಗಳು.

ಈ ಉದಾಸೀನ ನಮ್ಮೂರಿನದು ಮಾತ್ರವಲ್ಲ. ಟ್ಯಾಂಕನ್ನು ಬೇರೆ ಮಾಡಿ, ಸುತ್ತ ಶಾಖ ತಡೆಯುವ ಹೊದಿಕೆ ಹಾಕಿ, ಹಗಲು ಕಾದ ನೀರನ್ನು ರಾತ್ರಿಗೂ ಉಳಿಸುವ ಸೋಲಾರನ್ನು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಬೇಲಿ ಎಂಬವರು 1909ರಲ್ಲೇ ಮಾರತೊಡಗಿದ್ದರು. 1930ರ ದಶಕದಲ್ಲಿ ಫ್ಲೋರಿಡಾದ ಮಯಾಮಿಯಲ್ಲಿ ಸಾವಿರಾರು ಮನೆಗಳ ಮೇಲೆ ಅಂಥವು ಇದ್ದವು. ಎರಡನೇ ಮಹಾಯುದ್ಧದ ನಂತರ ಕರೆಂಟು ಅಗ್ಗವಾಯಿತು. ಅದೇ ಹೊತ್ತಿಗೆ ತಾಮ್ರದ ಪೈಪಿಗೆ ಜೋಡಿಸಿದ ಉಕ್ಕಿನ ಟ್ಯಾಂಕುಗಳು ತುಕ್ಕು ಹಿಡಿದು ಒಡೆಯತೊಡಗಿದವು. ರಿಪೇರಿ ಮಾಡಿಸುವ ಬದಲು ಜನ ಕರೆಂಟಿನ ಹೀಟರ್ ತಂದರು. ಅಷ್ಟು ಬಿಸಿಲಿನ ಊರಿನಲ್ಲಿ ಸೋಲಾರ್ ಎಂಬುದೇ ಮರೆತುಹೋಯಿತು. ಇದನ್ನು ಓದಿದಾಗ ನನಗೆ ನಮ್ಮ ಓಣಿಯ ಸತ್ತ ಸೋಲಾರ್‌ಗಳೇ ಕಣ್ಣ ಮುಂದೆ ಬಂದವು.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ದಿನಾ ಗೀಜರ್ ಹಾಕುವ ಮನೆಗೆ ತಿಂಗಳಿಗೆ 120 ಯೂನಿಟ್ ಇದಕ್ಕೇ ಹೋಯಿತು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಗೀಜರ್ ಕಡೆ ಒಲಿದವರಿದ್ದಾರೆ. ಆದರೆ ಪ್ರತಿ ಮನೆಗೆ ಉಚಿತ ಸಿಗುವುದು ಅದರ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ. ಸೋಲಾರ್ ಇದ್ದು ಕಡಿಮೆ ಬಳಸುತ್ತಿದ್ದವರ ಸರಾಸರಿಯೂ ಕಡಿಮೆಯೇ. ಅವರು ಈಗ ಗೀಜರ್ ಹಾಕಿದರೆ ಬಿಲ್ಲು ಬಂದೇ ಬರುತ್ತದೆ.

ಇನ್ನು ರಿಪೇರಿಯವರು. ಮಾರುವ ಅಂಗಡಿಗಳು ಊರ ತುಂಬ ಇವೆ, ಕೆಟ್ಟಾಗ ಬರುವವರು ಇಬ್ಬರೋ ಮೂವರೋ. ನಮ್ಮ ಪ್ಲಂಬರ್ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸದವನು, ಯಾವ ತರಬೇತಿಯೂ ಇಲ್ಲ, ಕೆಡಿಸಿದ ಸೋಲಾರ್‌ಗಳನ್ನು ಬಿಚ್ಚಿ ನೋಡಿಯೇ ಕಲಿತವನು. ಹೊಸಪೇಟೆ, ಕಂಪ್ಲಿ, ಸಂಡೂರಿನ ನಮ್ಮ ಮೊಹಲ್ಲಾಗಳಲ್ಲಿ ಇಂಥ ಕೈಗಳು ಬಹಳ ಇವೆ. ಗ್ಯಾರೇಜು, ವೆಲ್ಡಿಂಗು, ಪ್ಲಂಬಿಂಗ್ ಎಂದು ಹತ್ತನೇ ವಯಸ್ಸಿಗೇ ಸೇರಿಕೊಂಡ ಹುಡುಗರು. ಜಮಾಅತಿನ ಸಭೆಗಳಲ್ಲಿ ಉದ್ಯೋಗದ ಬಗ್ಗೆ ಉದ್ದುದ್ದ ಭಾಷಣ ಕೇಳುತ್ತೇವೆ. ಹತ್ತು ಹುಡುಗರಿಗೆ ಈ ಒಂದು ಕೆಲಸವನ್ನು ಸರಿಯಾಗಿ ಕಲಿಸಿ, ವರ್ಷಕ್ಕೆರಡು ಸಲ ಮನೆಮನೆಗೆ ಹೋಗಿ ಸೋಲಾರ್ ತೊಳೆದು ಪರೀಕ್ಷಿಸುವ ಒಪ್ಪಂದ ಮಾಡಿಸಿಕೊಟ್ಟರೆ ಅವರ ಹೊಟ್ಟೆಯೂ ತುಂಬುತ್ತದೆ, ಮಾಳಿಗೆಗಳೂ ಬದುಕುತ್ತವೆ. ಶುರು ಮಾಡಲು ಮಸೀದಿಯ ವುಝೂಖಾನೆಯ ಮೇಲಿರುವ ಸೋಲಾರೇ ಸಾಕು. ಅದನ್ನು ಈಗ ನೋಡಿಕೊಳ್ಳುವವರು ವಯಸ್ಸಾದ ಮುಅಝ್ಝಿನ್ ಸಾಹೇಬರು, ಅವರಿಗೆ ಏಣಿ ಹತ್ತಲಾಗುವುದಿಲ್ಲ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಝೂಗೆ ನೀರು ಪೋಲು ಮಾಡಬಾರದೆಂದು ಮದ್ರಸಾದಲ್ಲಿ ಎಲ್ಲರೂ ಕಲಿತಿದ್ದೇವೆ. ಚಳಿಗಾಲದಲ್ಲಿ ಅಲ್ಲಿ ಬೆಚ್ಚಗಿನ ನೀರು ಬರಲೆಂದು ನಲ್ಲಿ ಬಿಟ್ಟು ಕಾಯುತ್ತಾ ನಿಂತವರನ್ನು ನೋಡಿದರೆ ಆ ಪಾಠ ನೆನಪಾಗುತ್ತದೆ.

ಎರಡು ವರ್ಷದ ಹಿಂದೆ ಡಿಸೆಂಬರಿನ ಒಂದು ರಾತ್ರಿ ನಮ್ಮ ಓಣಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಬೆಳಕು ಹರಿಯುವ ಮೊದಲು ಗುಸ್ಲ್‌ಗೆ ಬೆಚ್ಚನೆಯ ನೀರು ಬೇಕಾಯಿತು. ಆ ಹೊತ್ತಿಗೆ ಕರೆಂಟಿರಲಿಲ್ಲ, ಗ್ಯಾಸಿನ ಮೇಲೆ ಅಷ್ಟು ನೀರು ಕಾಯಿಸಲು ಆ ಮನೆಯಲ್ಲಿ ಯಾರ ಕೈಕಾಲೂ ಆಡುತ್ತಿರಲಿಲ್ಲ. ಹಿಂದಿನ ದಿನದ ಬಿಸಿಲಿನಲ್ಲಿ ಕಾದ ನೀರು ನಮ್ಮ ಟ್ಯಾಂಕಿನಲ್ಲಿತ್ತು. ನಾಲ್ಕು ಬಕೆಟ್ ಕಳಿಸಿದೆವು. ಅತ್ತೆ ಬಾಗಿಲಲ್ಲಿ ನಿಂತು ಬಕೆಟ್ಟುಗಳು ಹೋಗುವುದನ್ನು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ, "ಮ್ಯಾಲ ಗಾಜು ವರಸಿಯೇನವ್ವ?" ಎಂದು ಕೇಳಿದರು. ಆ ಪ್ರಶ್ನೆ ಅವರು ಅದಕ್ಕೆ ಮೊದಲು ಕೇಳಿದ್ದೇ ಇಲ್ಲ.

ಈಗ ರಮಝಾನ್ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಚಳಿಗಾಲದೊಳಗೆ ಬರುತ್ತಿದೆ. 2030ರಲ್ಲಿ ಜನವರಿ ಮೊದಲಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಎರಡು ಸಲ ಶುರುವಾಗುತ್ತದೆ. ಸಹರಿಯ ಹೊತ್ತಿಗೆ ಎದ್ದು ತಣ್ಣೀರು ಮುಟ್ಟುವ ಕಾಲ. ನಮ್ಮ ಮನೆಯಲ್ಲಿ ಈಗಲೇ ಒಂದು ಒಪ್ಪಂದವಿದೆ: ಕ್ರಿಕೆಟ್ ಆಡಿ ಬಂದ ಹುಡುಗರು ಸಂಜೆ ಬಿಸಿನೀರು ಖಾಲಿ ಮಾಡುವಂತಿಲ್ಲ, ರಾತ್ರಿ ಒಂಬತ್ತರ ಮೇಲೆ ಬಿಸಿನೀರಿನ ನಲ್ಲಿ ಅಜ್ಜಿಯದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಏಪ್ರಿಲ್ ಮೇ ತಿಂಗಳಲ್ಲಿ ಅರ್ಧ ಟ್ಯೂಬುಗಳ ಮೇಲೆ ಹಳೇ ಚಾದರ ಹೊದಿಸುತ್ತೇವೆ. ಹೊಸಪೇಟೆಯ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ, ಸೋಲಾರ್ ನೀರು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಮಳೆ ಶುರುವಾದಾಗ ಚಾದರ ತೆಗೆಯಬೇಕು. ಮೆಗ್ನೀಸಿಯಂ ಕಡ್ಡಿಯನ್ನು ಈ ಸಲ ಬಿಚ್ಚಿ ನೋಡಬೇಕೆಂದು ಹುಡುಗ ಹೇಳಿ ಹೋಗಿದ್ದಾನೆ, ಮುಂದಿನ ಶುಕ್ರವಾರ ಜುಮಾ ಮುಗಿಸಿ ಬರುತ್ತಾನಂತೆ.